ಸಂಶೋಧನೆಯಲ್ಲಿ ಜನರ ಪಾಲು: ಪಡ್ರೆಯಿಂದ ಕುವೈತಿನ ತನಕ

ಈ ವರ್ಷ ನಮ್ಮಲ್ಲಿ ಹಲವರು ಥೀಸಿಸ್ ಪ್ರೊಪೋಸಲ್ ಬರೆಯುವ ಹಂತದಲ್ಲಿದ್ದೇವೆ. ಜನರ ಆರೋಗ್ಯ, ನೀರು, ಗಾಳಿ, ವಸತಿ ಇಂಥ ವಿಷಯ ಎತ್ತಿಕೊಂಡವರಿಗೆ ಫಾರ್ಮಿನಲ್ಲಿ ಒಂದು ಪ್ರಶ್ನೆ ಎದುರಾಗುತ್ತದೆ: ಈ ಸಂಶೋಧನೆಯಲ್ಲಿ ಸಾರ್ವಜನಿಕರನ್ನು ಹೇಗೆ ತೊಡಗಿಸಿಕೊಳ್ಳುತ್ತೀರಿ? ಅದರ ಕೆಳಗೆ ಇನ್ನೊಂದು: ಅದರಿಂದ ಆದ ಪರಿಣಾಮವನ್ನು ಹೇಗೆ ಅಳೆಯುತ್ತೀರಿ? ಹೆಚ್ಚಿನವರು ಬರೆಯುವ ಉತ್ತರ ಒಂದೇ. 'ನೂರು ಜನರ ಸರ್ವೆ ಮಾಡುತ್ತೇವೆ, ಕೊನೆಗೆ ಒಂದು ಕಾರ್ಯಾಗಾರ ನಡೆಸುತ್ತೇವೆ.' ಈ ಉತ್ತರ ಯಾಕೆ ಸಾಲದು ಅನ್ನುವುದೇ ಈ ಲೇಖನದ ವಿಷಯ. ಇಂಜಿನಿಯರಿಂಗ್ ಓದಿ ಬಂದ ನಮ್ಮಂಥವರಿಗೆ ಇದನ್ನು ಯಾವ ಪೇಪರಿನಲ್ಲೂ ಕಲಿಸಿರುವುದಿಲ್ಲ. ಸ್ಯಾಂಪಲ್ ಸೈಜ್ ಲೆಕ್ಕ ಹಾಕಲು ಬರುತ್ತದೆ. ಸ್ಯಾಂಪಲ್ ಆಗುವವರ ಹತ್ತಿರ ಮೊದಲು ಏನು ಕೇಳಬೇಕು ಅಂತ ಬರುವುದಿಲ್ಲ.

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ. ಸರ್ವೆಗೆ ಉತ್ತರ ಕೊಡುವುದು, ರಕ್ತದ ಮಾದರಿ ಕೊಡುವುದು, ಇದು ಅಧ್ಯಯನಕ್ಕೆ ಒಳಗಾಗುವುದು. ಫಲಿತಾಂಶ ಬಂದ ಮೇಲೆ ಶಾಲೆಗೆ ಹೋಗಿ ಭಾಷಣ ಮಾಡುವುದು ಪ್ರಚಾರ. ಎರಡೂ ಬೇಕು, ಆದರೆ ಎರಡೂ 'ಪಾಲು' ಅಲ್ಲ. ಯಾವ ಪ್ರಶ್ನೆ ಕೇಳಬೇಕು, ಎಲ್ಲಿ ಅಳೆಯಬೇಕು, ಸಿಕ್ಕಿದ ಅಂಕಿಗೆ ಏನು ಅರ್ಥ, ಈ ತೀರ್ಮಾನಗಳಲ್ಲಿ ಜನರ ಮಾತು ನಡೆದರೆ ಅದು ಪಾಲು. ಬ್ರಿಟನ್ನಿನಲ್ಲಿ ಆರೋಗ್ಯ ಸಂಶೋಧನೆಗೆ ಸಂಬಂಧಪಟ್ಟಂತೆ 1996ರಲ್ಲಿ ಶುರುವಾದ 'ಇನ್ವಾಲ್ವ್' ಸಂಸ್ಥೆ ಈ ವ್ಯತ್ಯಾಸವನ್ನು ಬರಿಯ ಅವ್ಯಯಗಳಲ್ಲಿ ಹೇಳಿತು: ಜನರ ಮೇಲೆ, ಜನರ ಬಗ್ಗೆ, ಜನರಿಗಾಗಿ ನಡೆಯುವ ಸಂಶೋಧನೆ ಬೇರೆ, ಜನರ ಜೊತೆ, ಜನರಿಂದ ನಡೆಯುವುದು ಬೇರೆ. ಕನ್ನಡದಲ್ಲಿ ಇಲ್ಲೊಂದು ಮೋಜಿನ ತೊಡಕಿದೆ. 'ಜನರಿಂದ ಮಾಹಿತಿ ತೆಗೆದುಕೊಂಡೆವು' ಅಂದರೂ ಜನರಿಂದ, 'ಜನರಿಂದ ನಡೆದ ಸಂಶೋಧನೆ' ಅಂದರೂ ಜನರಿಂದ. ಪ್ರತ್ಯಯ ಒಂದೇ, ಆದರೆ ಮೊದಲನೆಯದರಲ್ಲಿ ಜನ ಬಾವಿ, ಎರಡನೆಯದರಲ್ಲಿ ಬಾವಿ ತೋಡಿದವರು. ನಮ್ಮ ಪ್ರೊಪೋಸಲ್‌ಗಳಲ್ಲಿ 'ಇಂದ' ಬಂದ ಕಡೆಯಲ್ಲೆಲ್ಲ ಇದು ಯಾವ 'ಇಂದ' ಅಂತ ಕೇಳಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಇದರ ದೊಡ್ಡ ಉದಾಹರಣೆ ಹುಡುಕಲು ಲಂಡನ್ನಿಗೆ ಹೋಗಬೇಕಿಲ್ಲ. ಕುವೈತಿನಲ್ಲಿರುವ ಕನ್ನಡಿಗರಲ್ಲಿ, ತುಳುವರಲ್ಲಿ, ಬ್ಯಾರಿಗಳಲ್ಲಿ ಕಾಸರಗೋಡು, ಮಂಜೇಶ್ವರ, ಪುತ್ತೂರು ಕಡೆಯವರು ಎಷ್ಟು ಜನ ಅಂತ ನಮಗೆಲ್ಲ ಗೊತ್ತು. ಅವರ ಊರಿನದ್ದೇ ಕಥೆ ಇದು.

ಪಡ್ರೆಯ ಲೆಕ್ಕ

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ ಪಡ್ರೆ ಅನ್ನುವ ಗ್ರಾಮ. ಕರ್ನಾಟಕದ ಗಡಿಗೆ ಅಂಟಿಕೊಂಡ, ಕನ್ನಡ-ತುಳು ಮಾತಾಡುವ ಜಾಗ. ಗುಡ್ಡದ ಮೇಲೆ ಪ್ಲಾಂಟೇಷನ್ ಕಾರ್ಪೊರೇಷನ್ ಆಫ್ ಕೇರಳದ ಗೇರು ತೋಟ, ಕೆಳಗಿನ ಕಣಿವೆಯಲ್ಲಿ ಜನರ ಮನೆ, ಅಡಿಕೆ ತೋಟ, ತೋಡು. ಕುಡಿಯುವ ನೀರು ಬಹಳ ಮನೆಗಳಿಗೆ ಸುರಂಗದಿಂದ ಬರುತ್ತದೆ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದು, ಜಿನುಗುವ ನೀರನ್ನು ಹೊರಗೆ ಹರಿಸಿಕೊಳ್ಳುವ ವ್ಯವಸ್ಥೆ ಇದು. ಪಂಪ್ ಬೇಡ, ಕರೆಂಟ್ ಬೇಡ. ಆದರೆ ಗುಡ್ಡದ ನೆತ್ತಿಯ ಮೇಲೆ ಬಿದ್ದದ್ದು ಕೆಳಗಿನ ಕೊಡಕ್ಕೆ ಬರುವ ದಾರಿಯೂ ಅದೇ.

ಗೇರಿಗೆ ಟೀ ಸೊಳ್ಳೆಯ ಕಾಟ. ಅದಕ್ಕೆ ಎಂಡೋಸಲ್ಫಾನ್ ಅನ್ನು 1970ರ ದಶಕದ ಕೊನೆಯ ಭಾಗದಿಂದ 2000ದ ವರೆಗೆ, ವರ್ಷಕ್ಕೆ ಎರಡು ಮೂರು ಬಾರಿ, ಹೆಲಿಕಾಪ್ಟರಿನಿಂದ ಸಿಂಪಡಿಸಿದರು. 1979ರ ಸುಮಾರಿಗೇ ಅಲ್ಲಿನ ಕೃಷಿಕ, ಪತ್ರಕರ್ತ ಶ್ರೀ ಪಡ್ರೆಯವರು ಊರಲ್ಲಿ ಕಾಲು ಸೊಟ್ಟಗಾದ ಕರುಗಳು ಹುಟ್ಟಿದ್ದನ್ನು ನೋಡಿ, ಸಿಂಪಡಣೆಗೂ ಇದಕ್ಕೂ ಸಂಬಂಧ ಇರಬಹುದೇ ಅಂತ ಬರೆದರು. ಮುಂದೆ 'ಅಡಿಕೆ ಪತ್ರಿಕೆ'ಯ ಸಂಪಾದಕರಾಗಿ, ನೀರಿನ ಬಗ್ಗೆ ಬರೆಯುವವರಾಗಿ ನಾವೆಲ್ಲ ಬಲ್ಲ ಅದೇ ಶ್ರೀ ಪಡ್ರೆ. ವಾಣಿನಗರದಲ್ಲಿ 1980ರ ದಶಕದ ಆರಂಭದಿಂದ ಕ್ಲಿನಿಕ್ ಇಟ್ಟುಕೊಂಡಿದ್ದ ಡಾ. ವೈ.ಎಸ್. ಮೋಹನ ಕುಮಾರ್ ಅವರಿಗೆ ತಮ್ಮ ರೋಗಿಗಳಲ್ಲಿ ಒಂದು ವಿಚಿತ್ರ ಕಂಡಿತು. ಇಷ್ಟು ಚಿಕ್ಕ ಊರಿಗೆ ಇಷ್ಟೊಂದು ಕ್ಯಾನ್ಸರ್, ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟಿನಿಂದಲೇ ಬಂದ ಅಂಗದೋಷ ಯಾಕೆ? ಅದೂ ಕೊಡೆಂಕಿರಿ ತೋಡಿನ ಆಸುಪಾಸಿನ ಮನೆಗಳಲ್ಲೇ ಯಾಕೆ? 1990ರ ದಶಕದಲ್ಲಿ ಅವರು ಇದನ್ನು ವೈದ್ಯಕೀಯ ವಲಯದ ಗಮನಕ್ಕೆ ತರಲು ನೋಡಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ. ವೈದ್ಯರ ಕೈಯಲ್ಲಿ ಇದ್ದದ್ದೇನು? ಪ್ರಯೋಗಾಲಯ ಇಲ್ಲ, ಅನುದಾನ ಇಲ್ಲ, ಹೋಲಿಸಲು ಇನ್ನೊಂದು ಗ್ರಾಮದ ಲೆಕ್ಕ ಇಲ್ಲ. ಇದ್ದದ್ದು ಹೆಸರು, ಮನೆ, ಕಾಯಿಲೆ, ಮತ್ತು ಆ ಮನೆ ಯಾವ ನೀರು ಕುಡಿಯುತ್ತದೆ ಅನ್ನುವ ತಿಳಿವಳಿಕೆ. ಇದು ಸಾಕ್ಷ್ಯವೋ ಅಂದರೆ ಅಲ್ಲ, ಇನ್ನೂ ಅಲ್ಲ. ಪಕ್ಕಾ ಸಂಖ್ಯಾಶಾಸ್ತ್ರದ ಮೇಷ್ಟ್ರು ಇದನ್ನು ಒಂದೇ ನಿಮಿಷದಲ್ಲಿ ತಳ್ಳಿಹಾಕಬಹುದು: ರೋಗಿಗಳೇ ಬರುವ ಜಾಗದಲ್ಲಿ ಕೂತು ರೋಗಿಗಳನ್ನು ಎಣಿಸಿದರೆ ಜಾಸ್ತಿ ಕಾಣದೆ ಇರುತ್ತದೆಯೇ? ಒಪ್ಪೋಣ. ಆದರೆ ಈ ಲೆಕ್ಕ ಪ್ರಶ್ನೆಯನ್ನೇ ಬದಲಾಯಿಸಿತು. ಅಲ್ಲಿಯವರೆಗೆ ಸಂಶೋಧನೆ ಕೇಳುತ್ತಿದ್ದದ್ದು 'ಈ ಔಷಧಿಗೆ ಸೊಳ್ಳೆ ಸಾಯುತ್ತದೆಯೇ, ಗೇರಿನ ಇಳುವರಿ ಎಷ್ಟು ಏರುತ್ತದೆ?' ಅಂತ. ಊರಿನವರು ಕೇಳಿದ್ದು 'ತೋಡಿನ ನೀರಲ್ಲಿ ಏನಿದೆ?' ಅಂತ. ಮೊದಲ ಪ್ರಶ್ನೆಗೆ ಎಷ್ಟು ಚೆನ್ನಾಗಿ ಉತ್ತರ ಕೊಟ್ಟರೂ ಎರಡನೆಯದು ಅದರೊಳಗಿಂದ ಹುಟ್ಟುವುದಿಲ್ಲ.

ಮುಂದಿನ ಘಟನೆಗಳು ಬೇಗ ಬೇಗ ನಡೆದವು. 1998ರಲ್ಲಿ ಪೆರಿಯದ ಕಡೆಯ ಲೀಲಾಕುಮಾರಿ ಅಮ್ಮ, ತಾವೇ ಕೃಷಿ ಇಲಾಖೆಯ ನೌಕರರಾಗಿದ್ದೂ, ಹೊಸದುರ್ಗದ ಕೋರ್ಟಿನಲ್ಲಿ ದಾವೆ ಹೂಡಿ ಸಿಂಪಡಣೆಗೆ ತಡೆ ತಂದರು. ಪಡ್ರೆಯವರು ಹೋರಾಟ ಸಮಿತಿ ಕಟ್ಟಿಕೊಂಡರು. 2001ರ ಆರಂಭದಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ತನ್ನ ಪ್ರಯೋಗಾಲಯದಲ್ಲಿ ಊರಿನ ನೀರು, ಮಣ್ಣು, ಹಾಲು, ರಕ್ತ ಎಲ್ಲ ಪರೀಕ್ಷಿಸಿ ಎಂಡೋಸಲ್ಫಾನ್ ಇದೆ ಅಂದಿತು. ಅದೇ ವರ್ಷ ಪ್ಲಾಂಟೇಷನ್ ಕಾರ್ಪೊರೇಷನ್ ತಮಿಳುನಾಡಿನ ಒಂದು ಸಂಸ್ಥೆಯಿಂದ ಬೇರೆ ಪರೀಕ್ಷೆ ಮಾಡಿಸಿತು. ಅದು ನೀರಿನಲ್ಲೂ ರಕ್ತದಲ್ಲೂ ಇಲ್ಲ ಅಂದಿತು. ಒಂದೇ ಊರು, ಒಂದೇ ವಿಷ, ಎರಡು ವರದಿ. ಇಂಥ ಹೊತ್ತಲ್ಲಿ ನಾವು ಕೇಳುವ ತಾಂತ್ರಿಕ ಪ್ರಶ್ನೆಗಳು ಸರಿಯೇ: ಮಾದರಿ ಯಾವಾಗ ತೆಗೆದರು, ಸಿಂಪಡಿಸಿ ಎಷ್ಟು ದಿನವಾಗಿತ್ತು, ಉಪಕರಣದ ಪತ್ತೆ ಮಿತಿ ಎಷ್ಟು? ಆದರೆ ಅದಕ್ಕಿಂತ ಮೊದಲಿನ ಪ್ರಶ್ನೆ ಬೇರೆ: ಯಾವ ಮನೆಯ ಬಾವಿ, ಯಾವ ತೋಡಿನ ಯಾವ ತಿರುವು ಅಂತ ಆರಿಸಿದವರು ಯಾರು? ಆ ಆಯ್ಕೆ ಎರಡೂ ಕಡೆಯವರು ನೋಡುವಂತೆ, ಊರಿನವರ ಎದುರಲ್ಲೇ ನಡೆದಿದ್ದರೆ, ಆಮೇಲೆ ಜಗಳ ಅಂಕಿಯ ಬಗ್ಗೆ ಮಾತ್ರ ಉಳಿಯುತ್ತದೆ. ಇಲ್ಲದಿದ್ದರೆ ಪ್ರತಿ ವರದಿಗೂ ಒಂದು ಪಕ್ಷ ಹುಟ್ಟಿಕೊಳ್ಳುತ್ತದೆ.

ಆಮೇಲೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಕೈಹಾಕಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ 2001ರಲ್ಲೇ ಪಡ್ರೆಗೆ ಬಂದು, ಸಿಂಪಡಣೆ ಇಲ್ಲದ ಮೀಂಜ ಪಂಚಾಯತಿನ ಮಕ್ಕಳೊಂದಿಗೆ ಪಡ್ರೆಯ ಶಾಲಾ ಮಕ್ಕಳನ್ನು ಹೋಲಿಸಿತು. ಅದರ ಒಂದು ಭಾಗ 2003ರಲ್ಲಿ 'ಎನ್ವಿರಾನ್‌ಮೆಂಟಲ್ ಹೆಲ್ತ್ ಪರ್ಸ್ಪೆಕ್ಟಿವ್ಸ್' ಪತ್ರಿಕೆಯಲ್ಲಿ ಬಂತು: 10ರಿಂದ 19 ವರ್ಷದ 117 ಹುಡುಗರು ಪಡ್ರೆಯ ಕಡೆಯಿಂದ, 90 ಹುಡುಗರು ಹೋಲಿಕೆಗೆ. ರಕ್ತದಲ್ಲಿ ಎಂಡೋಸಲ್ಫಾನ್ ಸರಾಸರಿ 7.47 ಪಿಪಿಬಿ ಒಂದು ಕಡೆ, 1.37 ಇನ್ನೊಂದು ಕಡೆ. (ಪಿಪಿಬಿ ಅಂದರೆ ನೂರು ಕೋಟಿಯಲ್ಲಿ ಒಂದು ಪಾಲು.) ಹುಡುಗರ ಪ್ರಾಯಕ್ಕೆ ಬರುವ ಬೆಳವಣಿಗೆ ತಡವಾಗುತ್ತಿರಬಹುದು ಅನ್ನುವುದು ಅವರ ತೀರ್ಮಾನ. ಅದರ ಜೊತೆಗೇ ಲೇಖಕರು ತಮ್ಮ ಅಧ್ಯಯನದ ಎರಡು ಮಿತಿಗಳನ್ನು ಸಾರಾಂಶದಲ್ಲೇ ಒಪ್ಪಿಕೊಂಡಿದ್ದಾರೆ. ಒಂದು, ಮಾದರಿ ಚಿಕ್ಕದು. ಇನ್ನೊಂದು, ಎಲ್ಲರೂ ಪಾಲ್ಗೊಳ್ಳಲಿಲ್ಲ.

ಈ ಎರಡನೆಯ ಮಿತಿಯ ಬಗ್ಗೆ ನಾನು ತುಂಬ ಯೋಚಿಸಿದ್ದೇನೆ. ಹದಿಹರೆಯದ ಹುಡುಗರಿಗೆ ಬಟ್ಟೆ ಬಿಚ್ಚಿ ಪರೀಕ್ಷೆಗೆ ನಿಲ್ಲಿ ಅಂದರೆ ಎಷ್ಟು ಜನ ನಿಲ್ಲುತ್ತಾರೆ? ನಮ್ಮ ನಮ್ಮ ಹೈಸ್ಕೂಲನ್ನೇ ನೆನಪಿಸಿಕೊಳ್ಳಿ. ಹೊರಗಿನಿಂದ ಬಂದವರಿಗೆ ಇದು 'ನಾನ್ ಪಾರ್ಟಿಸಿಪೇಷನ್' ಅನ್ನುವ ಒಂದು ಅಂಕಿ. ಊರಿನ ಅಮ್ಮಂದಿರಿಗೆ, ಶಾಲೆಯ ಮೇಷ್ಟ್ರಿಗೆ ಇದು ಮೊದಲೇ ಗೊತ್ತಿರುವ ಸಂಗತಿ. ಪರೀಕ್ಷೆಯ ಕೋಣೆ ಎಲ್ಲಿರಬೇಕು, ಯಾರು ಒಳಗಿರಬೇಕು, ಮನೆಯಲ್ಲಿ ಯಾರಿಗೆ ಮೊದಲು ತಿಳಿಸಬೇಕು ಇವನ್ನೆಲ್ಲ ಇಂಥವರ ಜೊತೆ ಕೂತು ನಿರ್ಧರಿಸುವುದಕ್ಕೆ ಖರ್ಚು ಹೆಚ್ಚಿಲ್ಲ, ಎರಡು ಮೂರು ವಾರ ಬೇಕಾಗುತ್ತದೆ ಅಷ್ಟೇ. ಜನರ ಪಾಲು ಅನ್ನುವುದು ಬರೀ ಸೌಜನ್ಯದ ಮಾತಲ್ಲ, ಡೇಟಾದ ಗುಣಮಟ್ಟದ ಮಾತು ಅಂತ ನಾನು ವಾದಿಸುವುದು ಇದೇ ಕಾರಣಕ್ಕೆ.

ಇದಾದ ಮೇಲೂ ಕೇಂದ್ರದ ಪರಿಣತ ಸಮಿತಿಗಳು ಸಂಬಂಧ ಸಾಬೀತಾಗಿಲ್ಲ ಅಂದವು. ಕಾಯಿಲೆಗಳಿಗೆಲ್ಲ ಎಂಡೋಸಲ್ಫಾನ್ ಒಂದೇ ಕಾರಣವೇ ಅನ್ನುವ ಬಗ್ಗೆ ಈಗಲೂ ಭಿನ್ನಾಭಿಪ್ರಾಯ ಇರುವ ವಿಜ್ಞಾನಿಗಳಿದ್ದಾರೆ, ಅದನ್ನು ಮುಚ್ಚಿಡಬೇಕಿಲ್ಲ. ಇತ್ತ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಕಡೆ ಕರ್ನಾಟಕದ ಗೇರು ನಿಗಮದ ತೋಟಗಳ ಸುತ್ತಲೂ ಇಂಥದ್ದೇ ದೂರು ಎದ್ದು, 2011ರ ಆರಂಭದಲ್ಲಿ ಕರ್ನಾಟಕ ಸರ್ಕಾರ ಎಂಡೋಸಲ್ಫಾನ್ ನಿಷೇಧಿಸಿತು. ಅದೇ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಅದನ್ನು ಜಗತ್ತಿನಿಂದಲೇ ತೆಗೆಯುವ ಪಟ್ಟಿಗೆ ಸೇರಿಸಿದವು, ಮೇ 13ಕ್ಕೆ ಸುಪ್ರೀಂ ಕೋರ್ಟ್ ದೇಶಾದ್ಯಂತ ತಡೆ ಹಾಕಿತು. 2017ರ ಜನವರಿಯಲ್ಲಿ ಅದೇ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕು ಅಂತ ಕೇರಳಕ್ಕೆ ಹೇಳಿತು. ಕಾಸರಗೋಡಿನ ಅಧಿಕೃತ ಪಟ್ಟಿಯಲ್ಲಿ ಆರು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಪಟ್ಟಿಯಲ್ಲಿ ಹೆಸರಿದ್ದರೆ ಪಿಂಚಣಿ, ಚಿಕಿತ್ಸೆ. ಇಲ್ಲದಿದ್ದರೆ ಇಲ್ಲ. ಹಾಗಾಗಿ 'ಯಾರನ್ನು ಎಣಿಸಬೇಕು' ಅನ್ನುವುದು ಅಲ್ಲಿ ವಿಧಾನದ ಪ್ರಶ್ನೆಯಾಗಿ ಉಳಿಯಲಿಲ್ಲ, ಅನ್ನದ ಪ್ರಶ್ನೆಯಾಯಿತು.

ಯೋಜನೆ ಎಲ್ಲಿಂದ ಶುರು

ಪಡ್ರೆಯಲ್ಲಿ ಜನ ತಾವಾಗಿ ನುಗ್ಗಿದರು, ಯಾರೂ ಕರೆದಿರಲಿಲ್ಲ. ನಾವು ಥೀಸಿಸ್ ಬರೆಯುವವರು ಕರೆಯಬೇಕಾಗುತ್ತದೆ, ಮತ್ತು ಕರೆಯುವುದಕ್ಕೆ ಯೋಜನೆ ಬೇಕು.

ಶೆರ್ರಿ ಆರ್ನ್‌ಸ್ಟೀನ್ ಅನ್ನುವ ಅಮೆರಿಕನ್ ಮಹಿಳೆ 1969ರಲ್ಲಿ ಎಂಟು ಮೆಟ್ಟಿಲಿನ ಒಂದು ಏಣಿ ಬರೆದರು. ಕೆಳಗಿನ ಮೆಟ್ಟಿಲಲ್ಲಿ ಜನರನ್ನು ಆಡಿಸುವುದು, ನಡುವೆ ತಿಳಿಸುವುದು, ಅಭಿಪ್ರಾಯ ಕೇಳುವುದು, ಸಮಾಧಾನ ಮಾಡುವುದು, ಮೇಲೆ ಪಾಲುದಾರಿಕೆ ಮತ್ತು ಜನರ ಕೈಯಲ್ಲೇ ಅಧಿಕಾರ. ನಗರ ಯೋಜನೆಯ ಬಗ್ಗೆ ಬರೆದದ್ದಾದರೂ ಇವತ್ತಿಗೂ ಎಲ್ಲ ಕೋರ್ಸುಗಳಲ್ಲಿ ಪಾಠ ಇದೆ. ನಡುವಿನ ಮೆಟ್ಟಿಲುಗಳಿಗೆ ನಮ್ಮಲ್ಲಿ ಒಳ್ಳೆಯ ಹೆಸರಿದೆ: ನಾಮಕಾವಸ್ತೆ. ಕಮಿಟಿಯಲ್ಲಿ ಒಬ್ಬ 'ಸಮುದಾಯದ ಪ್ರತಿನಿಧಿ', ಅವರಿಗೆ ಚಹಾ ಬಿಸ್ಕೆಟ್, ಫೋಟೋ, ಮುಗಿಯಿತು. ಆದರೆ ಏಣಿಯ ಹೋಲಿಕೆಗೆ ನನ್ನದೊಂದು ತಕರಾರಿದೆ. ಎಲ್ಲರೂ ಯಾವಾಗಲೂ ಮೇಲಿನ ಮೆಟ್ಟಿಲಲ್ಲೇ ಇರಬೇಕು ಅನ್ನುವ ಹಾಗೆ ಅದು ಕಾಣುತ್ತದೆ. ಹತ್ತು ಗಂಟೆ ದುಡಿದು ಬಂದವರಿಗೆ ನನ್ನ ಡೇಟಾ ವಿಶ್ಲೇಷಣೆಯಲ್ಲಿ ಅಧಿಕಾರ ಬೇಕಾಗಿಲ್ಲದೆ ಇರಬಹುದು. ಪ್ರಶ್ನೆ ಸರಿಯಾಗಿದೆಯೇ ಅಂತ ಹೇಳಲು ಒಂದು ಗಂಟೆ ಸಾಕಿರಬಹುದು. ಎಲ್ಲಿ ಎಷ್ಟು ಪಾಲು ಬೇಕು ಅಂತ ಅವರನ್ನೇ ಕೇಳುವುದು ಒಳ್ಳೆಯದು.

ಪ್ರಶ್ನೆಯ ಹಂತದಲ್ಲೇ ಕೇಳಬೇಕು ಅನ್ನುವುದಕ್ಕೆ ಇನ್ನೊಂದು ಉದಾಹರಣೆ ಸಾಕು. 2000ದಲ್ಲಿ 'ಲ್ಯಾನ್ಸೆಟ್'ನಲ್ಲಿ ಮೊಣಕಾಲಿನ ಸಂಧಿವಾತದ ಬಗ್ಗೆ ಬಂದ ಒಂದು ಚಿಕ್ಕ ಅಧ್ಯಯನ, ಸಂಶೋಧಕರು ಮಾಡಿದ ಪ್ರಯೋಗಗಳನ್ನೂ ರೋಗಿಗಳಿಗೆ ಬೇಕಾಗಿದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿತು. ಪ್ರಯೋಗಗಳಲ್ಲಿ ಹೆಚ್ಚಿನವು ಮಾತ್ರೆಯ ಮೇಲೆ. ರೋಗಿಗಳಲ್ಲಿ ಮಾತ್ರೆಯ ಸಂಶೋಧನೆ ಬೇಕು ಅಂದವರು ತೀರಾ ಕಡಿಮೆ. ಅವರಿಗೆ ಬೇಕಾಗಿದ್ದದ್ದು ಮಂಡಿಯ ಶಸ್ತ್ರಚಿಕಿತ್ಸೆಯಲ್ಲಿ ಯಾವುದು ಒಳ್ಳೆಯದು, ನೋವಿನ ಜೊತೆ ಬದುಕುವುದು ಹೇಗೆ ಅನ್ನುವಂಥವು. ಊರಲ್ಲಿ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುವ ಅಮ್ಮ, ಅಜ್ಜಿ ಇರುವವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಈಗ ಕುವೈತಿಗೆ ಬರೋಣ

ಇಲ್ಲಿ ನಮ್ಮ ಕಣ್ಣೆದುರಿನ ವಿಷಯ ಬಿಸಿ. 2016ರ ಜುಲೈ 21ರಂದು ಮಿತ್ರಿಬಾದಲ್ಲಿ ದಾಖಲಾದ 53.9 ಡಿಗ್ರಿಯನ್ನು ವಿಶ್ವ ಹವಾಮಾನ ಸಂಸ್ಥೆ ಪರಿಶೀಲಿಸಿ ಒಪ್ಪಿದೆ. ಜೂನ್ 1ರಿಂದ ಆಗಸ್ಟ್ 31ರವರೆಗೆ ಬೆಳಗ್ಗೆ 11ರಿಂದ ಸಂಜೆ 4ರ ತನಕ ಬಯಲಿನ ಕೆಲಸಕ್ಕೆ ನಿಷೇಧ ಇದೆ. ಕುವೈತಿನ ಸಂಶೋಧಕ ಬರ್ರಾಕ್ ಅಲ್‌ಅಹ್ಮದ್ ಮತ್ತು ಸಂಗಡಿಗರು 2020ರಲ್ಲಿ ಸಾವಿನ ದಾಖಲೆಗಳನ್ನು ತಾಪಮಾನದ ಜೊತೆ ಇಟ್ಟು ನೋಡಿ, ಅತಿ ಬಿಸಿಲಿನ ಪೆಟ್ಟು ಹೆಚ್ಚು ತಿನ್ನುವವರಲ್ಲಿ ಹೊರದೇಶದ ಗಂಡಸರು ಇದ್ದಾರೆ ಅಂತ ತೋರಿಸಿದರು. ಮಧ್ಯಾಹ್ನದ ನಿಷೇಧ ಇದ್ದೂ ಬಿಸಿ ಏರಿದ ದಿನಗಳಲ್ಲಿ ಕೆಲಸದ ಜಾಗದ ಗಾಯಗಳೂ ಏರುತ್ತವೆ ಅಂತ ಆಮೇಲಿನ ಅಧ್ಯಯನ ಹೇಳಿತು. ಒಳ್ಳೆಯ, ಬೇಕಾದ ಕೆಲಸ. ಆದರೆ ಇವು ದಾಖಲೆಗಳ ಮೇಲಿನ ಅಧ್ಯಯನಗಳು. ದಾಖಲೆ ಹೇಳುವಷ್ಟನ್ನೇ ಹೇಳಬಲ್ಲವು. ಯಾಕೆ ಅನ್ನುವುದು ಇನ್ನೂ ಬಾಕಿ.

ನಮ್ಮಲ್ಲೊಬ್ಬರು ಈ 'ಯಾಕೆ' ಹಿಡಿದು ಥೀಸಿಸ್ ಮಾಡುತ್ತಾರೆ ಅಂತ ಇಟ್ಟುಕೊಳ್ಳೋಣ. ಇಂಜಿನಿಯರ್ ಬುದ್ಧಿ ತಕ್ಷಣ ಉಪಕರಣದ ಕಡೆ ಓಡುತ್ತದೆ. ಬಿಸಿ, ತೇವ, ಗಾಳಿ, ಬಿಸಿಲಿನ ವಿಕಿರಣ ಎಲ್ಲ ಸೇರಿಸಿ ಅಳೆಯುವ ವೆಟ್ ಬಲ್ಬ್ ಗ್ಲೋಬ್ ಮೀಟರ್ ತಂದು ಸೈಟಿನಲ್ಲಿ ಇಡೋಣ ಅನ್ನುತ್ತೇವೆ. ಮೀಟರ್ ಎಲ್ಲಿ ಇಡಬೇಕು? ಸಾರುವೆ ಮೇಲೆ ನಿಂತು ಕೆಲಸ ಮಾಡುವವರನ್ನು ಕೇಳಿ ನೋಡಿ. ಸೈಟಲ್ಲ, ಸಂಜೆ ಎಸಿ ಇಲ್ಲದ ಬಸ್ಸಲ್ಲಿ ಇಡಿ ಅನ್ನಬಹುದು. ರಾತ್ರಿ ಒಂದು ರೂಮಿನಲ್ಲಿ ಎಂಟು ಜನ ಮಲಗುವ ಕಡೆ ಇಡಿ ಅನ್ನಬಹುದು. ನೀರು ಇದೆ, ಆದರೆ ಶೌಚಾಲಯ ದೂರ, ಅದಕ್ಕೇ ಕುಡಿಯುವುದಿಲ್ಲ ಅನ್ನಬಹುದು. ಸೆಪ್ಟೆಂಬರ್‌ನಲ್ಲೂ ಇಲ್ಲಿ 40 ದಾಟುತ್ತದೆ, ನಿಷೇಧ ಮಾತ್ರ ಆಗಸ್ಟಿಗೆ ಮುಗಿದಿರುತ್ತದೆ, ಆ ತಿಂಗಳು ಬನ್ನಿ ಅನ್ನಬಹುದು. ಇದೆಲ್ಲ ನನ್ನ ಊಹೆ. ಊಹೆ ಯಾಕೆ ಬೇಕು, ಕೇಳಿದರೆ ಗೊತ್ತಾಗುತ್ತದೆ ಅನ್ನುವುದೇ ನಾನು ಹೇಳುತ್ತಿರುವುದು. ಕೇಳುವ ಮೊದಲೇ ಮೀಟರ್ ಕೊಂಡರೆ ಪ್ರಶ್ನೆಯನ್ನೂ ಕೊಂಡಂತೆ.

ಕುವೈತಿನಲ್ಲಿ ಇದಕ್ಕೆ ಒಂದು ಗಂಭೀರ ತೊಡಕಿದೆ, ಅದನ್ನು ಹಗುರ ಮಾಡಬಾರದು. ಇಲ್ಲಿ ಕೆಲಸಗಾರರ ಇಕಾಮಾ ಕಫೀಲನಿಗೆ ಕಟ್ಟಿಕೊಂಡಿರುತ್ತದೆ. ಬಸ್ಸಿನಲ್ಲಿ ಎಸಿ ಇಲ್ಲ ಅಂತ ನನ್ನ ಹತ್ತಿರ ಹೇಳಿದ್ದು ಫೋರ್‌ಮನ್ ಕಿವಿಗೆ ಬಿದ್ದರೆ ನಷ್ಟ ಹೇಳಿದವರಿಗೆ, ನನಗಲ್ಲ. ನನ್ನದು ಸ್ಟೂಡೆಂಟ್ ವೀಸಾ. ಹೆಚ್ಚೆಂದರೆ ಥೀಸಿಸ್ ತಡವಾಗುತ್ತದೆ. ಆದ್ದರಿಂದ ಬ್ರಿಟನ್ನಿನ ಮಾದರಿಯಲ್ಲಿ ಸಲಹಾ ಮಂಡಳಿ ಮಾಡಿ ಹೆಸರು ಪ್ರಕಟಿಸುವುದು ಇಲ್ಲಿಗೆ ಹೊಂದುವುದಿಲ್ಲ. ಹೆಸರು ಬರೆದುಕೊಳ್ಳಲೇಬಾರದು, ಕಂಪನಿಯ ಹೆಸರೂ ಬೇಡ, ಗುಂಪು ಫೋಟೋ ಬೇಡವೇ ಬೇಡ. ಕಂಪನಿಯ ಮೂಲಕ ಜನರನ್ನು ಕರೆಸಿದರೆ ಬರುವವರು ಕಂಪನಿ ಕಳಿಸಿದವರು. ಭೇಟಿ ಶುಕ್ರವಾರ, ಅವರು ಹೇಳಿದ ಜಾಗದಲ್ಲಿ. ಇದೆಲ್ಲ ಎಥಿಕ್ಸ್ ಕಮಿಟಿಯ ಅನುಮತಿ ಬಂದ ಮೇಲೆ. ಮತ್ತು ಯಾರು ಯಾವ ಗಳಿಗೆಯಲ್ಲಿ ಬೇಡ ಅಂದರೂ ಅವರು ಹೇಳಿದ್ದನ್ನು ತೆಗೆದುಹಾಕುತ್ತೇವೆ ಅಂತ ಅವರ ಭಾಷೆಯಲ್ಲೇ ಹೇಳಬೇಕು.

ಭಾಷೆಯ ವಿಷಯದಲ್ಲಿ ನಮಗೊಂದು ಅನುಕೂಲ ಇದೆ. ಕನ್ನಡ, ತುಳು, ಕೊಂಕಣಿ, ಬ್ಯಾರಿ, ಹಿಂದಿ, ಸ್ವಲ್ಪ ಮಲಯಾಳ ನಮ್ಮ ಸಂಘದೊಳಗೇ ಸಿಗುತ್ತದೆ. ಇಂಗ್ಲಿಷಿನ ಪ್ರಶ್ನಾವಳಿಯನ್ನು ಏಜೆನ್ಸಿಗೆ ಕೊಟ್ಟು ಅನುವಾದ ಮಾಡಿಸುವ ಬದಲು, ಕರಾವಳಿಯ ಕೆಲಸಗಾರರ ಜೊತೆ ಕೂತು ಮೊದಲು ತುಳುವಿನಲ್ಲಿ ಮಾತಾಡಿ, ಅಲ್ಲಿ ಬಂದ ಮಾತುಗಳಿಂದಲೇ ಪ್ರಶ್ನೆ ಬರೆದು, ಆಮೇಲೆ ಇಂಗ್ಲಿಷಿಗೆ ಒಯ್ಯಬಹುದು. 'ಹೀಟ್ ಸ್ಟ್ರೆಸ್ ಇದೆಯೇ?' ಅಂದರೆ ಯಾರೂ ಹೌದು ಅನ್ನುವುದಿಲ್ಲ. 'ತಲೆ ತಿರುಗುತ್ತದೆಯೇ, ಕಣ್ಣು ಕತ್ತಲೆ ಬರುತ್ತದೆಯೇ, ಮೂತ್ರ ಉರಿಯುತ್ತದೆಯೇ' ಅಂದರೆ ಉತ್ತರ ಬರುತ್ತದೆ. ಆದರೆ ಒಂದು ಎಚ್ಚರ: ಊರವರೆಂಬ ಸಲಿಗೆಯಲ್ಲಿ ನಮ್ಮವರನ್ನಷ್ಟೇ ಕೇಳಿದರೆ ಬಂಗಾಳಿ, ನೇಪಾಳಿ, ಈಜಿಪ್ಟಿನ ಕೆಲಸಗಾರರು ಬಿಟ್ಟೇ ಹೋಗುತ್ತಾರೆ. ಹೆಂಗಸರು, ಮನೆಗೆಲಸದವರು, ನಾವು ಹೋಗಿ ಕೂರುವ ಜಾಗಕ್ಕೆ ಬರುವುದೇ ಇಲ್ಲ.

ದುಡ್ಡು. ಇದನ್ನು ಬಜೆಟ್ಟಿನಲ್ಲಿ ಮೊದಲೇ ಬರೆಯದಿದ್ದರೆ ಆಮೇಲೆ ಸಿಗುವುದಿಲ್ಲ. ವಾರಕ್ಕೆ ಸಿಗುವ ಒಂದೇ ರಜೆಯಲ್ಲಿ ಎರಡು ಗಂಟೆ ಕೊಡುವವರಿಗೆ ಟ್ಯಾಕ್ಸಿ, ಊಟ, ಮತ್ತು ಅವರ ಸಮಯಕ್ಕೆ ಬೆಲೆ. ಗೈಡ್ 'ಇದು ಡೇಟಾಗೆ ಲಂಚ ಆಗುವುದಿಲ್ಲವೇ?' ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಉತ್ತರ: ಪ್ರಶ್ನೆ ರೂಪಿಸುವುದಕ್ಕೆ ಕೂತವರು ಸಲಹೆಗಾರರು, ಅವರಿಗೆ ಕೊಡುವುದು ಸಲಹೆಯ ಸಂಬಳ, ಸರ್ವೆಗೆ ಉತ್ತರಿಸುವವರು ಬೇರೆ, ಅವರ ನಿಯಮ ಬೇರೆ. ಈ ಎರಡು ಗುಂಪುಗಳನ್ನು ಕಾಗದದಲ್ಲೂ ಬೇರೆ ಇಡಿ.

ಅಳೆಯುವುದು

ಜನರನ್ನು ತೊಡಗಿಸಿದ್ದರಿಂದ ಆದ ಪರಿಣಾಮ ಅಳೆಯುವುದು ನಿಜಕ್ಕೂ ಕಷ್ಟ. ಅವರಿಲ್ಲದೆ ಇದೇ ಅಧ್ಯಯನ ಹೇಗಿರುತ್ತಿತ್ತು ಅಂತ ತೋರಿಸಲು ಇನ್ನೊಂದು ಅಧ್ಯಯನ ಇರುವುದಿಲ್ಲವಲ್ಲ. ಹಾಗಾಗಿ ಸುಲಭದ ಅಂಕಿಗೆ ಬೀಳುತ್ತೇವೆ: ಎಷ್ಟು ಸಭೆ, ಎಷ್ಟು ಜನ, ಎಷ್ಟು ಶೇಕಡಾ 'ತೃಪ್ತಿ'. ನಾಲ್ಕು ಸಭೆಗೆ ಅರುವತ್ತು ಜನ ಬಂದರು, ಪ್ರಶ್ನಾವಳಿಯಲ್ಲಿ ಒಂದು ಅಲ್ಪವಿರಾಮವೂ ಬದಲಾಗಲಿಲ್ಲ ಅಂದರೆ ಆದದ್ದೇನು? ಪಡ್ರೆಯಲ್ಲಿ ಒಂದು ಕ್ಲಿನಿಕ್ಕಿನ ಒಬ್ಬ ವೈದ್ಯರು ಇಡೀ ಪ್ರಶ್ನೆಯನ್ನೇ ತಿರುಗಿಸಿದರು.

2017ರಲ್ಲಿ ಬಂದ 'ಗ್ರಿಪ್-2' ಅನ್ನುವ ವರದಿ ಪಟ್ಟಿ ಇದಕ್ಕೆ ಸ್ವಲ್ಪ ದಾರಿ ತೋರಿಸುತ್ತದೆ. ಅದರ ಉದ್ದ ರೂಪದಲ್ಲಿ 34 ಅಂಶಗಳಿವೆ, ಚಿಕ್ಕದರಲ್ಲಿ ಐದೇ. ತೊಡಗಿಸಿದ ಉದ್ದೇಶ, ವಿಧಾನ, ಅದರಿಂದ ಅಧ್ಯಯನದಲ್ಲಿ ಏನಾಯಿತು, ಒಟ್ಟಾರೆ ಎಷ್ಟು ಪ್ರಭಾವ, ಮತ್ತು ಕೊನೆಗೆ ಯಾವುದು ಸರಿಹೋಯಿತು ಯಾವುದು ಇಲ್ಲ ಅನ್ನುವ ವಿಮರ್ಶೆ. ಮಾಸ್ಟರ್ಸ್ ಥೀಸಿಸ್ಸಿಗೆ ಚಿಕ್ಕದೇ ಧಾರಾಳ ಆಯಿತು.

ನಮ್ಮ ಕೈಯಲ್ಲಿ ಇನ್ನೂ ಒಳ್ಳೆಯ ಸಾಧನ ಇದೆ. ಕೋಡ್ ಬರೆಯುವವರಿಗೆಲ್ಲ ಗಿಟ್ ಗೊತ್ತು: ಯಾವ ಸಾಲು, ಯಾವ ದಿನ, ಯಾರಿಂದ, ಯಾಕೆ ಬದಲಾಯಿತು ಅಂತ ಅದು ಇಟ್ಟುಕೊಳ್ಳುತ್ತದೆ. ಪ್ರಶ್ನಾವಳಿ, ಮಾದರಿ ತೆಗೆಯುವ ಜಾಗದ ನಕ್ಷೆ, ಒಪ್ಪಿಗೆ ಪತ್ರ ಎಲ್ಲವನ್ನೂ ಹಾಗೇ ಇಡಬಹುದು. ಜನರ ಜೊತೆ ಕೂರುವ ಮೊದಲಿನ ಪ್ರತಿ ಒಂದು, ಪ್ರತಿ ಭೇಟಿಯ ನಂತರ ಒಂದು. ಪಕ್ಕದಲ್ಲಿ ಒಂದು ಸಾಲು: 'ಮೂರನೇ ಭೇಟಿ, ಬಸ್ಸಿನ ಪ್ರಶ್ನೆ ಸೇರಿತು, ಕಟ್ಟಡ ಕೆಲಸದವರ ಸಲಹೆ.' ಹೆಸರಿನ ಬದಲು ಕೆಲಸದ ಹೆಸರು. ತಿರಸ್ಕರಿಸಿದ ಸಲಹೆಗಳನ್ನೂ ಕಾರಣ ಸಮೇತ ಬರೆದಿಡಬೇಕು. ನಿಜ ಹೇಳಬೇಕೆಂದರೆ ಪರೀಕ್ಷಕರು ಓದಬೇಕಾದ ಭಾಗ ಅದೇ. ಹತ್ತು ಸಲಹೆಯಲ್ಲಿ ಹತ್ತನ್ನೂ ಒಪ್ಪಿಕೊಂಡೆವು ಅಂತ ಬರೆದವರನ್ನು ನಾನು ನಂಬುವುದಿಲ್ಲ.

ಇದರ ಜೊತೆ ಒಂದೆರಡು ಅಂಕಿಗಳೂ ಉಪಯೋಗಕ್ಕೆ ಬರುತ್ತವೆ. ಒಪ್ಪಿಗೆ ಕೊಟ್ಟವರಲ್ಲಿ ಎಷ್ಟು ಜನ ಕೊನೆತನಕ ಉಳಿದರು, ಯಾವ ಪ್ರಶ್ನೆಗೆ ಖಾಲಿ ಬಿಟ್ಟರು, ಪ್ರಶ್ನೆ ತಿದ್ದಿದ ಮೇಲೆ ಖಾಲಿ ಕಡಿಮೆಯಾಯಿತೇ. ಪಡ್ರೆಯ ಹುಡುಗರ ಅಧ್ಯಯನ ಎಡವಿದ ಜಾಗ ಇದೇ ಆದ್ದರಿಂದ, ಯಾರು ಬರಲಿಲ್ಲ ಅನ್ನುವ ಲೆಕ್ಕಕ್ಕೆ ಬಂದವರ ಲೆಕ್ಕದಷ್ಟೇ ಜಾಗ ಕೊಡಿ.

ಕೆಡುಕನ್ನೂ ಅಳೆಯಬೇಕು. ಎಷ್ಟು ಗಂಟೆ ಅವರಿಂದ ತೆಗೆದುಕೊಂಡೆವು, ಯಾವ ಆಸೆ ಹುಟ್ಟಿಸಿದೆವು, ಯಾರಿಗಾದರೂ ತೊಂದರೆ ಆಯಿತೇ. ಕಾಸರಗೋಡಿನ ಕೆಲವು ಮಕ್ಕಳ ಚಿತ್ರಗಳನ್ನು ಇಡೀ ಜಗತ್ತು ನೋಡಿದೆ. ಆ ಮನೆಗಳ ಅಂಗಳಕ್ಕೆ ಕ್ಯಾಮೆರಾ ಹಿಡಿದು, ಫಾರ್ಮ್ ಹಿಡಿದು ಬಂದವರ ಲೆಕ್ಕ ಯಾವ ಥೀಸಿಸ್ಸಿನಲ್ಲೂ ನಾನು ಓದಿಲ್ಲ.

ಕೊನೆಯದಾಗಿ ಫಲಿತಾಂಶ ಹಿಂದಕ್ಕೆ ಕೊಡುವುದು. ಇಲ್ಲಿನ ಕೆಲಸಗಾರರ ಕಾಂಟ್ರಾಕ್ಟ್ ಎರಡು ವರ್ಷದ್ದಾದರೆ, ನಮ್ಮ ವರದಿ ಬರುವಷ್ಟರಲ್ಲಿ ಅರ್ಧ ಜನ ಊರಿಗೆ ಹೋಗಿರುತ್ತಾರೆ. ಹೆಸರು, ನಂಬರ್ ನಾವು ಇಟ್ಟುಕೊಂಡಿರುವುದಿಲ್ಲ, ಇಟ್ಟುಕೊಳ್ಳಲೂಬಾರದು. ಇದಕ್ಕೊಂದು ಉಪಾಯ ಮೊದಲ ಭೇಟಿಯಲ್ಲೇ ಮಾಡಬಹುದು: ನಮ್ಮ ನಂಬರನ್ನು ಅವರಿಗೆ ಕೊಡುವುದು, ಯಾವ ತಿಂಗಳು ಕೇಳಬೇಕು ಅಂತ ಹೇಳುವುದು, ಆ ತಿಂಗಳು ಎರಡು ನಿಮಿಷದ ವಾಯ್ಸ್ ಮೆಸೇಜನ್ನು ತುಳುವಿನಲ್ಲಿ, ಕನ್ನಡದಲ್ಲಿ, ಹಿಂದಿಯಲ್ಲಿ ರೆಡಿ ಮಾಡಿ ಇಟ್ಟುಕೊಳ್ಳುವುದು. ಎಷ್ಟು ಜನ ಫೋನ್ ಮಾಡಿದರು ಅನ್ನುವುದನ್ನೂ ಅದೇ ಲಾಗಿನಲ್ಲಿ ಬರೆಯಿರಿ. ಯಾರೂ ಮಾಡದಿದ್ದರೆ ಅಲ್ಲಿ ಸೊನ್ನೆ ಹಾಕಿ.